ಮಲೆನಾಡಿನ ಬೇಸಿಗೆ ರಾತ್ರಿಗೆ ಮಿಲಿಟರಿ ಹಾಸಿಗೆ: ನನ್ನ ಅನುಭವ

ಫೆಬ್ರವರಿಯಿಂದ ಮೇ ತಿಂಗಳವರೆಗೆ ಶರಾವತಿ ಹಿನ್ನೀರಿನ ದಂಡೆಯಲ್ಲೋ, ಪರಿಚಯದವರ ತೋಟದ ಅಂಚಿನಲ್ಲೋ, ಗೋಕರ್ಣ–ಕುಮಟಾ ನಡುವಿನ ಕಡಲತೀರದಲ್ಲೋ ರಾತ್ರಿ ಕಳೆಯುವವರಿಗೆ ಸ್ಲೀಪಿಂಗ್ ಬ್ಯಾಗ್ ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಗಳಲ್ಲಿ ಸಿಗುವ ಬಹುಪಾಲು ಸ್ಲೀಪಿಂಗ್ ಬ್ಯಾಗುಗಳು ಹಿಮಾಲಯದ ಚಾರಣಕ್ಕೆ ಹೋಗುವವರಿಗಾಗಿ ಮಾಡಿದವು. ಸೊನ್ನೆಯ ಹತ್ತಿರಕ್ಕೆ ಇಳಿಯುವ ಚಳಿಗೆ ಅವು ಸರಿ. ನಮ್ಮಲ್ಲಿ ಮಲಗುವ ಹೊತ್ತಿಗೆ 24 ಡಿಗ್ರಿ ಇರುತ್ತದೆ, ಬೆಳಗಿನ ಜಾವಕ್ಕೆ 16ಕ್ಕೆ ಇಳಿಯುತ್ತದೆ. ಇಂಥ ಹವೆಯಲ್ಲಿ ಆ ಚೀಲದೊಳಗೆ ಸೇರಿಕೊಂಡರೆ ಅರ್ಧ ರಾತ್ರಿ ಬೆವರು, ಉಳಿದರ್ಧ ರಾತ್ರಿ ಆ ಬೆವರಿನ ತಣ್ಣನೆಯ ಒದ್ದೆ. ಅದರ ಜೊತೆಗೆ ಟೆಂಟು, ಮ್ಯಾಟು ಎಂದು ನಾಲ್ಕೈದು ಕೆ.ಜಿ. ಬೆನ್ನಿಗೆ ಏರುತ್ತದೆ.

ಬಿಸಿ ಊರಿನ ರಾತ್ರಿಯಲ್ಲಿ ನಿದ್ದೆ ಕೆಡಿಸುವುದು ಚಳಿಯಲ್ಲ. ನೆಲ, ಇಬ್ಬನಿ, ಸೊಳ್ಳೆ, ಉಣುಗು, ಏಪ್ರಿಲ್ ಕಳೆದ ಮೇಲೆ ಹೇಳದೆ ಕೇಳದೆ ಬರುವ ಅಡ್ಡಮಳೆ, ಇವೇ ತೊಂದರೆ ಕೊಡುವವು. ಇವನ್ನು ತಡೆಯುವ ವಸ್ತುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು, ಆ ರಾತ್ರಿಗೆ ಬೇಕಾದಷ್ಟನ್ನೇ ಬಳಸುವುದು ನನ್ನ ಪದ್ಧತಿ. ಹಾಗೆ ಬಿಡಿಬಿಡಿಯಾಗಿ ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಮಿಲಿಟರಿ ಸರಕಿಗೆ. ಕಾರಣವೂ ಸರಳವಾಗಿದೆ. ಉಷ್ಣವಲಯದ ಕಾಡಿನಲ್ಲಿ ಸಾವಿರಾರು ಜನರನ್ನು ತಿಂಗಳುಗಟ್ಟಲೆ ನೆಲದ ಮೇಲೆ ಮಲಗಿಸುವ ಕೆಲಸ ಸೈನ್ಯಗಳಿಗೆ ಬಂದಿತ್ತು. ಚಾರಣದ ಸಾಮಾನು ಮಾಡುವ ಕಂಪನಿಗಳಿಗೆ ಬಂದಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹೋರಾಡಿದ ಹದಿನಾಲ್ಕನೇ ಸೇನೆಯಲ್ಲಿ ನಮ್ಮ ದೇಶದ ಸೈನಿಕರೇ ಹೆಚ್ಚು. ಅದರ ದಂಡನಾಯಕ ವಿಲಿಯಂ ಸ್ಲಿಮ್ ಬರೆದಿಟ್ಟ ಲೆಕ್ಕದ ಪ್ರಕಾರ, 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬೊಬ್ಬನಿಗೆ 120 ಮಂದಿ ಕಾಯಿಲೆ ಬಿದ್ದು ಬಂದಿದ್ದರು. ಮಲೇರಿಯಾ, ಆಮಶಂಕೆ, ಕಾಡಿನ ಜ್ವರಗಳು ಅವರನ್ನು ಹಣ್ಣು ಮಾಡಿದ್ದವು. ಕಾಡಿನಲ್ಲಿ ಮಲಗುವ ಮನುಷ್ಯನಿಗೆ ಮೊದಲು ಬೇಕಾದದ್ದು ಸೊಳ್ಳೆಪರದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಮುಂದೆ 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಅಮೆರಿಕದ ಸೈನಿಕರಿಗೆ ಉಣ್ಣೆಯ ಕಂಬಳಿ ಭಾರವಾಯಿತು. ನೆನೆದರೆ ಒಣಗಲೇ ಇಲ್ಲ. ಅದರ ಜಾಗಕ್ಕೆ ಬಂದದ್ದು ಪಾಂಚೋ ಲೈನರ್. ನನ್ನ ಇಡೀ ಹಾಸಿಗೆ ಈ ಒಂದು ವಸ್ತುವಿನ ಸುತ್ತ ಕಟ್ಟಿದ್ದು.

ಪಾಂಚೋ ಲೈನರ್ ಎಂದರೆ ಒಂದು ತೆಳು ರಜಾಯಿ. ಮೇಲೂ ಕೆಳಗೂ ನೈಲಾನ್ ಬಟ್ಟೆ, ನಡುವೆ ತೆಳುವಾದ ಪಾಲಿಯೆಸ್ಟರ್ ಹತ್ತಿ, ಅದು ಒಂದೆಡೆ ಗುಡ್ಡೆಯಾಗದಂತೆ ಉದ್ದಕ್ಕೂ ಹೊಲಿಗೆ. ಅಗಲ ಐದು ಅಡಿಗಿಂತ ತುಸು ಹೆಚ್ಚು, ಉದ್ದ ಏಳು ಅಡಿಗೆ ತುಸು ಕಡಿಮೆ. ಮೂಲೆಗಳಲ್ಲೂ ಅಂಚುಗಳಲ್ಲೂ ಸಣ್ಣ ದಾರಗಳಿವೆ. ಅವನ್ನು ಪಾಂಚೋದ, ಅಂದರೆ ಸೈನಿಕರು ಮಳೆಗೆ ಹಾಕಿಕೊಳ್ಳುವ ಚೌಕ ಬಟ್ಟೆಯ, ಕಣ್ಣುಗಳಿಗೆ ಕಟ್ಟಿದರೆ ಎರಡೂ ಸೇರಿ ಒಂದು ಹೊದಿಕೆಯಾಗುತ್ತದೆ. ನನ್ನ ಬಳಿ ಇರುವುದು ಅಡುಗೆಮನೆಯ ತಕ್ಕಡಿಯಲ್ಲಿ 710 ಗ್ರಾಂ ತೂಗುತ್ತದೆ. ಹಗುರ ಸಾಮಾನಿನ ಹುಚ್ಚಿರುವವರಿಗೆ ಇದು ಹೆಚ್ಚೆನಿಸಬಹುದು. ಇದಕ್ಕಿಂತ ಹಗುರವಾದ ಹಕ್ಕಿಗರಿಯ ಹೊದಿಕೆಗಳು ಮಾರುಕಟ್ಟೆಯಲ್ಲಿವೆ. ಆದರೆ ಹಕ್ಕಿಗರಿ ತೇವ ಹಿಡಿದರೆ ಮುದ್ದೆಯಾಗಿ ಬಿಸುಪು ಕಳೆದುಕೊಳ್ಳುತ್ತದೆ. ಮಲೆನಾಡಿನ ಗಾಳಿಯೇ ಒದ್ದೆ. ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ. ಲೈನರನ್ನು ಹಿಂಡಿ ಬೇಲಿಯ ಮೇಲೆ ಹಾಕಿದರೆ ತಿಂಡಿ ಮುಗಿಸಿ ಬರುವಷ್ಟರಲ್ಲಿ ಹೊದೆಯುವ ಸ್ಥಿತಿಗೆ ಬಂದಿರುತ್ತದೆ.

ನನಗೆ ಇದನ್ನು ಕಳಿಸಿದವರು ಅಮೆರಿಕದಲ್ಲಿರುವ ಭಾವ. ಅವರಿರುವುದು ಉತ್ತರ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ. ದೊಡ್ಡ ಸೇನಾನೆಲೆಯ ಪಕ್ಕದ ಊರಾದ್ದರಿಂದ ಅಲ್ಲಿ ಸೇನೆಯ ಹಳೆಯ ಸರಕು ಮಾರುವ ಅಂಗಡಿಗಳು ಸಾಕಷ್ಟಿವೆ. ಅಂಗಡಿಯಿಂದಲೇ ವಿಡಿಯೋ ಕರೆ ಮಾಡಿ, "ಇಲ್ಲಿ ಹತ್ತಾರು ಬಿದ್ದಿವೆ, ಯಾವುದು ತೆಗೆದುಕೊಳ್ಳಲಿ?" ಎಂದು ಕೇಳಿದರು. "ಭಾವ, ಬಣ್ಣ ನೋಡಬೇಡಿ, ಮೂಲೆಯಲ್ಲಿ ಹೊಲಿದ ಬಿಳಿ ಚೀಟಿ ಇದೆಯಲ್ಲ, ಅದನ್ನು ಓದಿ" ಎಂದೆ. ಮೊದಲು ಓದಿದ್ದರ ಚೀಟಿಯಲ್ಲಿ ಒಂದು ಕಂಪನಿಯ ಹೆಸರು, ಒಗೆಯುವ ವಿಧಾನ, ಬೇರೇನೂ ಇಲ್ಲ. ಅದು ಸೇನೆಗೆ ಹೋದದ್ದಲ್ಲ, ಸೇನೆಯದರಂತೆ ಹೊಲಿದು ಮಾರುವ ನಕಲು. ಎರಡನೆಯದರಲ್ಲಿ ಸೇನೆಗಳು ತಮ್ಮ ಪ್ರತಿ ಬಗೆಯ ಸರಕಿಗೂ ಕೊಡುವ ಹದಿಮೂರು ಅಂಕಿಗಳ ಸಂಖ್ಯೆ ಇತ್ತು: 8405-00-889-3683.

ಸೇನೆಯ ಸರಕು ಕೊಳ್ಳುವವರು ಈ ಸಂಖ್ಯೆ ಓದುವುದನ್ನು ಕಲಿತರೆ ಮೋಸ ಹೋಗುವುದು ಬಹಳ ಕಡಿಮೆಯಾಗುತ್ತದೆ. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ. 8405 ಎಂದರೆ ಮೇಲುಡುಪು. ಪಾಂಚೋ ಮತ್ತು ಅದರ ಲೈನರ್ ಎರಡೂ ಇದರಡಿ ಬರುತ್ತವೆ. 8465 ಸೈನಿಕನೊಬ್ಬ ಹೊರುವ ಸಾಮಾನು: ಬೆನ್ನುಚೀಲ, ಸ್ಲೀಪಿಂಗ್ ಬ್ಯಾಗ್, ಮ್ಯಾಟ್. 7210 ಹಾಸಿಗೆ ಹೊದಿಕೆಗಳದು. ಸೊಳ್ಳೆಪರದೆ ಸಿಗುವುದು ಇದರಲ್ಲಿ. ಮುಂದಿನ ಎರಡು ಅಂಕಿ ದೇಶದ್ದು. 00 ಅಥವಾ 01 ಇದ್ದರೆ ಅಮೆರಿಕ, 99 ಇದ್ದರೆ ಬ್ರಿಟನ್, 12 ಇದ್ದರೆ ಜರ್ಮನಿ. ಇದರ ಪಕ್ಕದಲ್ಲೇ ಗುತ್ತಿಗೆಯ ಸಂಖ್ಯೆ ಇರುತ್ತದೆ, ಅದರ ನಡುವಿನ ಎರಡು ಅಂಕಿ ಸಾಮಾನ್ಯವಾಗಿ ಗುತ್ತಿಗೆ ಕೊಟ್ಟ ವರ್ಷ. ಚೀಟಿ ಮಾಸಿ ಅಕ್ಷರ ಕಾಣದಿದ್ದರೆ ಹೊಲಿಗೆ ನೋಡಬೇಕು. ಅಂಚಿನ ಪಟ್ಟಿ ಸುತ್ತಲೂ ಬಿಗಿಯಾಗಿ ಕೂತಿದೆಯೇ, ಕಟ್ಟುವ ದಾರಗಳ ಬುಡದಲ್ಲಿ ಬಟ್ಟೆ ಸೀಳಿದೆಯೇ, ಬೆಳಕಿಗೆ ಹಿಡಿದರೆ ಹತ್ತಿ ಎಲ್ಲ ಕಡೆ ಒಂದೇ ಸಮ ಇದೆಯೇ ಎಂದು ಭಾವನಿಂದ ಪರೀಕ್ಷೆ ಮಾಡಿಸಿದೆ. ಅವರು ಬೇಸರವಿಲ್ಲದೆ ಒಂದೊಂದನ್ನೇ ಕಿಟಕಿಗೆ ಹಿಡಿದು ತೋರಿಸಿದರು. ಹತ್ತಿ ಚಪ್ಪಟೆಯಾದ ಹಳೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಒಮ್ಮೆ ಕೂತ ಪಾಲಿಯೆಸ್ಟರ್ ಹತ್ತಿ ಮತ್ತೆ ಉಬ್ಬುವುದಿಲ್ಲ, ಉಬ್ಬಿರುವಲ್ಲಿ ಸೇರಿಕೊಂಡ ಗಾಳಿಯೇ ಬಿಸುಪು ಕೊಡುವುದು.

ಮಲಗುವಾಗ ನಾನು ಲೈನರನ್ನು ಮೊದಲಿಗೆ ಹೊದೆಯುವುದೇ ಇಲ್ಲ. ರಾತ್ರಿಯ ಮೊದಲ ಭಾಗಕ್ಕೆ ಒಂದು ತೆಳು ಹತ್ತಿ ಪಂಚೆ ಸಾಕು. ಲೈನರ್ ಮಡಚಿ ಕಾಲ ಬುಡದಲ್ಲಿ ಇರುತ್ತದೆ. ನಸುಕಿನಲ್ಲಿ ಮೈ ತಣ್ಣಗಾದಾಗ ನಿದ್ದೆಗಣ್ಣಿನಲ್ಲೇ ಎಳೆದುಕೊಳ್ಳುತ್ತೇನೆ. ಜಿಪ್ಪಿನ ಚೀಲದಲ್ಲಿ ಸಿಗದ ಅನುಕೂಲ ಇದೇ: ಒಂದು ಕಾಲು ಹೊರಗೆ, ಹೊಟ್ಟೆಯ ಮೇಲೆ ಮಾತ್ರ ಹೊದಿಕೆ, ಹೀಗೆ ಬೇಕೆಂದ ಹಾಗೆ. ಚಳಿ ಹೆಚ್ಚಿದರೆ ಉದ್ದಕ್ಕೆ ಮಡಚಿ ಅಂಚಿನ ದಾರಗಳನ್ನು ಒಂದಕ್ಕೊಂದು ಕಟ್ಟಿ ಕಾಲಿನ ಭಾಗವನ್ನು ಚೀಲವಾಗಿಸಬಹುದು. ಪೂರ್ತಿ ಬಟ್ಟೆ ತೊಟ್ಟು, ಕಾಲುಚೀಲ ಹಾಕಿ, ಹೀಗೆ ಕಟ್ಟಿಕೊಂಡರೆ 14–15 ಡಿಗ್ರಿಯವರೆಗೆ ನನಗೆ ಹಿತವಾಗಿ ನಿದ್ದೆ ಬರುತ್ತದೆ. ಅದಕ್ಕಿಂತ ಕೆಳಗಿಳಿಯುವ ಎತ್ತರದ ಜಾಗಗಳಿಗೆ, ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆಗೆ, ಡಿಸೆಂಬರ್–ಜನವರಿಯಲ್ಲಿ ಇದನ್ನು ನಂಬಿ ಹೋಗಬೇಡಿ. ಅದು ಬೇರೆಯದೇ ಹಾಸಿಗೆಯ ಮಾತು.

ಸೊಳ್ಳೆಪರದೆಯನ್ನು ಮಾತ್ರ ನಾನು ದೂರದಿಂದ ತರಿಸಲಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದಲೂ ಇದೆ. ಕ್ಯಾಂಪ್ ಪ್ರದೇಶದ ಸುತ್ತ ಸೈನಿಕರಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳಿವೆ. ಅಂಥ ಒಂದು ಅಂಗಡಿಯಲ್ಲಿ ಒಬ್ಬರಿಗಾಗುವ ಹಸಿರು ಪರದೆ ಕೇಳಿದೆ. ಅಂಗಡಿಯವರು ಎರಡು ಬಗೆ ತೆಗೆದಿಟ್ಟರು. "ಸಾಹೇಬರೇ, ಇದು ನೈಲಾನ್, ಹಗುರ. ಇದು ಹತ್ತಿ, ಗಟ್ಟಿ. ಜವಾನರು ಹತ್ತಿಯದೇ ಕೇಳುತ್ತಾರೆ" ಎಂದರು. ನಾನು ತೂಕಕ್ಕಾಗಿ ನೈಲಾನ್ ತೆಗೆದುಕೊಂಡೆ, 380 ಗ್ರಾಂ. ಆದರೆ ಅವರ ಮಾತಿನಲ್ಲಿ ಹುರುಳಿತ್ತು: ನೈಲಾನ್ ಬಲೆಗೆ ಒಂದು ಬೆಂಕಿಯ ಕಿಡಿ ಸಾಕು, ಬೆರಳು ತೂರುವಷ್ಟು ತೂತಾಗುತ್ತದೆ. ಅಂದಿನಿಂದ ಒಲೆಯಿಂದ ಹತ್ತು ಹೆಜ್ಜೆಯಾಚೆ, ಗಾಳಿ ಬೀಸುವ ದಿಕ್ಕು ನೋಡಿಯೇ ಹಾಸಿಗೆ ಹಾಕುತ್ತೇನೆ. ಪರದೆ ಕೊಳ್ಳುವಾಗ ಕಣ್ಣಿನ ಲೆಕ್ಕ ನೋಡಿ. ಒಂದು ಚದರ ಇಂಚಿಗೆ 156 ಕಣ್ಣು ಎಂಬುದು ಸೊಳ್ಳೆ ತಡೆಯಲು ರೂಢಿಯಲ್ಲಿರುವ ಅಳತೆ. ಅದಕ್ಕಿಂತ ಒತ್ತಾದರೆ ಗಾಳಿ ಆಡುವುದಿಲ್ಲ, ಸೆಕೆಯ ರಾತ್ರಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ.

ಸೇನೆಯ ಪರದೆಗೂ ಮನೆಯ ಮಂಚದ ಪರದೆಗೂ ಇರುವ ನಿಜವಾದ ವ್ಯತ್ಯಾಸ ಕೆಳಗಿನ ಅಂಚಿನಲ್ಲಿದೆ. ಬಲೆ ಮುಗಿದ ಮೇಲೆ ಒಂದು ಗೇಣಿಗಿಂತ ಹೆಚ್ಚು ಅಗಲದ ಗಟ್ಟಿ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ. ಅದು ಮ್ಯಾಟಿನ ಅಡಿಗೆ ಸಿಕ್ಕಿಸುವುದಕ್ಕೆ. ಬರಿಯ ಬಲೆ ಜಾರಿ ಹೊರಬರುತ್ತದೆ, ಬಟ್ಟೆ ಮೈಭಾರಕ್ಕೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ನಮ್ಮೂರಿನಲ್ಲಿ ಈಶಾನ್ಯ ರಾಜ್ಯಗಳಲ್ಲಿ ಸೇವೆ ಮಾಡಿ ಬಂದ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಅವರು ನನ್ನ ಅಂಗಳದಲ್ಲಿ ಪರದೆ ಕಟ್ಟಿದ್ದನ್ನು ಸುತ್ತ ನಡೆದು ನೋಡಿ, "ಮೇಲೆ ಎಷ್ಟು ಚಂದ ಕಟ್ಟಿದರೂ ಆಯಿತು ತಮ್ಮಾ, ಒಳಗೆ ಹೋದ ಮೇಲೆ ನಾಲ್ಕೂ ಬದಿ ಕೈಯಿಂದ ಒತ್ತಿ ನೋಡದೆ ದೀಪ ಆರಿಸಬೇಡ" ಎಂದರು. ನಾನು ಪ್ರತಿ ಸಲವೂ ತಲೆಯ ಕಡೆಯಿಂದ ಶುರುಮಾಡಿ ಬಲಸುತ್ತಾಗಿ ಅಂಗೈಯಲ್ಲಿ ಒತ್ತುತ್ತಾ ಬರುತ್ತೇನೆ. ಅರ್ಧ ನಿಮಿಷದ ಕೆಲಸ.

ಈ ಅರ್ಧ ನಿಮಿಷವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಸೊಳ್ಳೆ ಮಾತ್ರವಲ್ಲ. ನಾವಿರುವುದು ಮಂಗನ ಕಾಯಿಲೆಯ ಸೀಮೆಯಲ್ಲಿ. ಇದನ್ನು ಮೊದಲು ಗುರುತಿಸಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಅದು ಮತ್ತೆ ಎದ್ದು ಜನರನ್ನು ಕೊಂಡೊಯ್ದದ್ದನ್ನು ಇಲ್ಲಿಯವರು ಮರೆತಿಲ್ಲ. ಕಾಯಿಲೆ ಹರಡುವುದು ಉಣುಗಿನಿಂದ. ಅದರ ಮರಿಗಳು ಹೆಚ್ಚುವುದು ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ, ಅಂದರೆ ನಾವು ಹೊರಗೆ ಮಲಗಲು ಇಷ್ಟಪಡುವ ಕಾಲದಲ್ಲೇ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ದರಗಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕಾಡಿನ ದರಗಿನ ಮೇಲೆ ನಾನು ಎಂದೂ ಹಾಸುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ಊರಿನ ಆಸುಪಾಸಿಗೆ ಆ ವರ್ಷ ಹೋಗುವುದೇ ಇಲ್ಲ. ಹಿನ್ನೀರು ಇಳಿದು ಬಯಲಾದ, ಬಿಸಿಲು ಬಿದ್ದು ಒಣಗಿದ ಬರಿ ನೆಲ, ಇಲ್ಲವೆ ಮರಳು, ಇಲ್ಲವೆ ಸೆಗಣಿ ಸಾರಿಸಿದ ಕಣ, ಇವೇ ನನ್ನ ಜಾಗಗಳು. ಆರೋಗ್ಯ ಇಲಾಖೆ ಈ ಭಾಗದ ಊರುಗಳಲ್ಲಿ ಹಂಚುವ ಡೇಪಾ ತೈಲವನ್ನು ಕಾಲು, ಕೈ, ಕುತ್ತಿಗೆಗೆ ಹಚ್ಚಿಕೊಳ್ಳುತ್ತೇನೆ. ಈ ಡೇಪಾ ಕೂಡ ಸೇನೆಯ ಕಡೆಯಿಂದಲೇ ಬಂದದ್ದು. ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯ ಅದನ್ನು ರೂಪಿಸಿತು. ಬೆಳಿಗ್ಗೆ ಎದ್ದಾಗ ಮಂಡಿಯ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿಕೊಳ್ಳುವುದು ಹಲ್ಲುಜ್ಜುವಷ್ಟೇ ಕಡ್ಡಾಯ.

ಇನ್ನೊಂದು ಅಪಾಯ ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ನಿದ್ದೆಯಲ್ಲಿ ಕಚ್ಚುವುದರಲ್ಲಿ ಇದರದೇ ಹೆಸರು. ಕಚ್ಚಿದ ಜಾಗದಲ್ಲಿ ನೋವೂ ಊತವೂ ಅಷ್ಟಾಗಿ ಇರುವುದಿಲ್ಲವಾದ್ದರಿಂದ ಬೆಳಗಾಗುವವರೆಗೆ ತಿಳಿಯದೆ ಹೋಗುವುದುಂಟು. ನೇಪಾಳದ ತರಾಯಿಯಲ್ಲಿ ನಡೆಸಿದ, 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಬಹಳ ಕಡಿಮೆ ಎಂದು ತೋರಿಸಿದೆ. ಪರದೆಯ ಅಂಚನ್ನು ಒಳಕ್ಕೆ ಸಿಕ್ಕಿಸುವುದರ ಬೆಲೆ ಇದರಿಂದಲೇ ತಿಳಿಯುತ್ತದೆ. 380 ಗ್ರಾಂ ಉಳಿಸುವ ಆಸೆಯಿಂದ ಪರದೆ ಬಿಟ್ಟು ಹೋಗುವವರೊಂದಿಗೆ ನಾನು ವಾದ ಮಾಡುತ್ತೇನೆ, ಮತ್ತು ಬಿಟ್ಟುಕೊಡುವುದಿಲ್ಲ.

ಈಗ ಸೂರಿನ ವಿಷಯ. ಹಳೆಯ ಕಾಲದ ನಮ್ಮ ಕಂಬಳಿ ಕೊಪ್ಪೆಯಂತೆಯೇ ಪಾಂಚೋ ಹಗಲು ಮಳೆಗೆ ಉಡುಪು, ರಾತ್ರಿಗೆ ಆಸರೆ. ನನ್ನದು ಅಮೆರಿಕ ಸೇನೆಯ ಚೌಕಳಿ ನೇಯ್ಗೆಯ ನೈಲಾನಿನದು, 640 ಗ್ರಾಂ. ಅಂಚಿನುದ್ದಕ್ಕೂ ಲೋಹದ ಕಣ್ಣುಗಳು, ಎರಡು ಬದಿಗೆ ಒತ್ತುಗುಂಡಿಗಳು. ಇಬ್ಬರಿದ್ದು ಇಬ್ಬರ ಬಳಿಯೂ ಇದ್ದರೆ ಗುಂಡಿ ಸೇರಿಸಿ ಎರಡರಷ್ಟು ಅಗಲದ ಸೂರು ಮಾಡಬಹುದು. ಹಳೆಯದನ್ನು ಕೊಳ್ಳುವಾಗ ಒಳಮೈಯ ಲೇಪವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಅಂಟಂಟಾಗಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ, ಬಿಳಿ ಹೊಟ್ಟು ಉದುರಿದರೆ ಆ ಲೇಪದ ಆಯುಷ್ಯ ಮುಗಿದಿದೆ ಎಂದರ್ಥ. ಯಾವ ಮದ್ದಿನಿಂದಲೂ ಅದನ್ನು ಉಳಿಸಲಾಗದು. ಲೇಪ ಸರಿಯಿದ್ದು ಹೊಲಿಗೆಯಲ್ಲಿ ಮಾತ್ರ ನೀರು ಜಿನುಗುತ್ತಿದ್ದರೆ ಹೊಲಿಗೆಗೆ ಹಚ್ಚುವ ಅಂಟು ಸಿಗುತ್ತದೆ, ಒಂದು ಸಂಜೆಯ ಕೆಲಸ. ಮನೆಯಲ್ಲಿ ಪರೀಕ್ಷಿಸುವುದು ಸುಲಭ. ನಾಲ್ಕು ಮೂಲೆ ಕಟ್ಟಿ ನಡುವೆ ಜೋಲಿ ಬಿಟ್ಟು ಅರ್ಧ ಕೊಡ ನೀರು ಹುಯ್ದು, ಅಡಿಗೆ ಹಳೆಯ ದಿನಪತ್ರಿಕೆ ಹಾಸಿಡಿ. ರಾತ್ರಿ ಕಳೆದು ಕಾಗದ ಒಣಗಿದ್ದರೆ ಬಟ್ಟೆ ಗಟ್ಟಿ.

ಸೂರು ಮಳೆಗೆ ಮಾತ್ರ ಎಂದು ತಿಳಿಯಬಾರದು. ಮೋಡವಿಲ್ಲದ ರಾತ್ರಿಯಲ್ಲಿ ಬಯಲಿಗೆ ತೆರೆದಿರುವ ಬಟ್ಟೆ ಆಕಾಶಕ್ಕೆ ತನ್ನ ಬಿಸಿ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಇಬ್ಬನಿ ಎಂದರೆ ಇದೇ. ನಡುವೆ ಸೂರಿದ್ದರೆ ತಣ್ಣಗಾಗುವುದೂ ನೆನೆಯುವುದೂ ಸೂರು, ಹೊದಿಕೆ ಒಣಗಿರುತ್ತದೆ. ಕಡಲತೀರದಲ್ಲಿ ಫೆಬ್ರವರಿಯಲ್ಲಿ ಇದರ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿರುತ್ತದೆ: ಪಾಂಚೋದ ಮೇಲಿನಿಂದ ಬೆಳಗಿನ ಜಾವ ನೀರು ಹನಿಯುತ್ತಿದ್ದರೆ ಒಳಗಿನ ಪಂಚೆ ಗರಿಗರಿ.

ಹಿನ್ನೀರಿನ ದಂಡೆಯಲ್ಲಿ ಸೂರು ಕಟ್ಟುವುದಕ್ಕೆ ಮರಗಳಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದಂತೆ 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಮಾತ್ರ ಕೆಂಪು ಬಯಲಿನಲ್ಲಿ ಎದ್ದು ನಿಲ್ಲುತ್ತವೆ. ಕೆಲವು ಸೊಂಟದೆತ್ತರ, ಕೆಲವು ಮಂಡಿಯವರೆಗೆ. ಸೊಂಟದೆತ್ತರದ ಒಂದು ಗಟ್ಟಿ ಬೊಡ್ಡೆ ಸಿಕ್ಕರೆ ಅಲ್ಲಿಂದ ಹಗ್ಗ ಎಳೆದು, ಹತ್ತಡಿ ಆಚೆ ನಡೆಯುವ ಕೋಲನ್ನು ನಿಲ್ಲಿಸಿ ಅದರ ತುದಿಗೆ ಸುತ್ತಿ, ಮುಂದಕ್ಕೆ ಗೂಟಕ್ಕೆ ಬಿಗಿಯುತ್ತೇನೆ. ಹಗ್ಗ ಪ್ಯಾರಾಚೂಟಿನದು: ಮೇಲೆ ನೇಯ್ದ ಹೊದಿಕೆ, ಒಳಗೆ ಏಳು ಎಳೆ, 250 ಕೆ.ಜಿ.ವರೆಗೂ ತಾಳುತ್ತದೆ ಎಂಬ ಲೆಕ್ಕದ್ದು. ಅಷ್ಟು ಶಕ್ತಿ ಸೂರಿಗೆ ಬೇಕಿಲ್ಲ. ಆದ್ದರಿಂದ ಬದಿಗಳಿಗೆ ಒಳಗಿನ ಎಳೆಗಳನ್ನೇ ಬಿಡಿಸಿ ಬಳಸುತ್ತೇನೆ, ತೂಕ ಉಳಿಯುತ್ತದೆ. ಪಾಂಚೋದ ತಲೆಗವಸಿನ ಬಾಯನ್ನು ಬಿಗಿಯಾಗಿ ತಿರುಚಿ ಕಟ್ಟಿ ಆ ಗಂಟನ್ನು ಮೇಲಿನ ಹಗ್ಗಕ್ಕೆ ಎತ್ತಿ ಬಿಗಿದರೆ ನಡುಭಾಗ ಜೋಲುವುದಿಲ್ಲ, ನೀರೂ ನಿಲ್ಲುವುದಿಲ್ಲ. ಮುಖ್ಯ ಹಗ್ಗಕ್ಕೆ, ಸೂರಿನ ಅಂಚಿನಿಂದ ಒಂದು ಗೇಣು ಹೊರಗೆ, ಎರಡೂ ಕಡೆ ಹತ್ತಿ ದಾರದ ತುಂಡು ಇಳಿಬಿಡಬೇಕು. ಮಳೆನೀರು ಹಗ್ಗದುದ್ದಕ್ಕೂ ಹರಿದು ಒಳಗೆ ಬರುವ ಬದಲು ಆ ದಾರದಲ್ಲಿ ಕೆಳಗಿಳಿಯುತ್ತದೆ. ಗಂಟುಗಳೆಲ್ಲ ಜಾರುಗಂಟುಗಳೇ ಆಗಿರಲಿ, ಕತ್ತಲಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ.

ಪರದೆ ಅದೇ ಮುಖ್ಯ ಹಗ್ಗದಿಂದ ಸೂರಿನ ಅಡಿಗೆ ತೂಗುತ್ತದೆ. ಸಾಮಾನ್ಯ ರಾತ್ರಿಗಳಲ್ಲಿ ಸೂರಿನ ಬದಿಗಳನ್ನು ಮೇಲಕ್ಕೆ ಚಾಚಿ ಕಟ್ಟಿ ಗಾಳಿ ಆಡಲು ಬಿಡುತ್ತೇನೆ. ಏಪ್ರಿಲ್ ಮಧ್ಯದ ನಂತರ ಸಂಜೆ ಮೋಡ ಕಟ್ಟಿದರೆ ದಂಡೆಯ ಬಯಲಿನಲ್ಲಿ ಉಳಿಯುವುದೇ ಇಲ್ಲ. ಮುಂಗಾರಿಗೆ ಮೊದಲಿನ ಗುಡುಗುಮಳೆಗೆ ಸಿಡಿಲು ಜಾಸ್ತಿ. ಬಯಲಿನಲ್ಲಿ ಎತ್ತರದ ವಸ್ತು ನಾವೂ ನಮ್ಮ ಕೋಲೂ ಮಾತ್ರ. ಯಾರದಾದರೂ ತೋಟದ ಮನೆಯ ಜಗಲಿಗೆ ಹೋಗಿ ಕೇಳಿದರೆ ಮಲೆನಾಡಿನಲ್ಲಿ ಇಲ್ಲ ಎನ್ನುವವರು ಅಪರೂಪ.

ನೆಲಕ್ಕೆ ಹಾಸಲು ಮಿಲಿಟರಿಯದನ್ನು ನಾನು ಕೈಬಿಟ್ಟೆ. ನಮ್ಮ ಸೇನೆಯ ರಬ್ಬರು ಬಳಿದ ಗ್ರೌಂಡ್ ಶೀಟ್ ಒಂದು ಜೀವಮಾನ ಬಾಳುತ್ತದೆ, ಆದರೆ ಹೊತ್ತು ನಡೆಯುವವರಿಗಲ್ಲ. ಅದರ ಬದಲು ಅಡಿಕೆ ಒಣಗಿಸಲು ತರುವ ಸಿಲ್ಪಾಲಿನ್ ಹಾಳೆಯಲ್ಲಿ ತೆಳುವಾದದ್ದನ್ನು, ಚದರ ಮೀಟರಿಗೆ 90 ಗ್ರಾಮಿನದನ್ನು, ಎರಡು ಮೀಟರ್ ಉದ್ದ ಒಂದು ಮೀಟರ್ ಅಗಲಕ್ಕೆ ಕತ್ತರಿಸಿಕೊಂಡೆ. 180 ಗ್ರಾಂ. ಅದರ ಮೇಲೆ ಫೋಮ್ ಮ್ಯಾಟ್. ಜರ್ಮನ್ ಸೇನೆಯ ಮಡಚುವ ಮ್ಯಾಟ್ ಬಹಳ ಚೆನ್ನಾಗಿದೆ. ಮಡಚಿದರೆ ಬೆನ್ನುಚೀಲದ ಬೆನ್ನಭಾಗಕ್ಕೇ ಹಲಗೆಯ ಹಾಗೆ ಕೂರುತ್ತದೆ, ನಡುದಾರಿಯಲ್ಲಿ ಕುಳಿತು ದಣಿವಾರಿಸಿಕೊಳ್ಳಲೂ ಒದಗುತ್ತದೆ. ಅದು ನನಗೆ ಸಿಗಲಿಲ್ಲವಾದ್ದರಿಂದ ಸಾಧಾರಣ ಫೋಮ್ ಮ್ಯಾಟನ್ನೇ ಭುಜದಿಂದ ಮಂಡಿಯವರೆಗಿನ ಉದ್ದಕ್ಕೆ ಕತ್ತರಿಸಿ, ಅದೇ ರೀತಿ ಮಡಚುವಂತೆ ಎರಡು ಕಡೆ ಅರ್ಧ ಆಳಕ್ಕೆ ಗೀರಿಕೊಂಡೆ. ಕಾಲಿನ ಅಡಿಗೆ ಖಾಲಿ ಬೆನ್ನುಚೀಲ ಹಾಸಿದರಾಯಿತು. ಬೆಚ್ಚಗಿನ ರಾತ್ರಿಗೆ ಮ್ಯಾಟ್ ಏಕೆ ಎನ್ನುವವರಿದ್ದಾರೆ. ಮೈಭಾರಕ್ಕೆ ಅಡಿಯಲ್ಲಿರುವ ಯಾವ ಹೊದಿಕೆಯೂ ಅಪ್ಪಚ್ಚಿಯಾಗುತ್ತದೆ, ನೆಲ ನೇರವಾಗಿ ಬೆನ್ನಿನ ಬಿಸಿ ಹೀರುತ್ತದೆ. ಹಗಲೆಲ್ಲ ಕಾದ ಮರಳು ಕೂಡ ನಸುಕಿನ ಹೊತ್ತಿಗೆ ತಣ್ಣಗಾಗಿರುತ್ತದೆ.

ಬಹಳ ಜನ ಕೇಳುವ ಇನ್ನೊಂದು ವಸ್ತು ಬಿವಿ ಚೀಲ, ಅಂದರೆ ಸ್ಲೀಪಿಂಗ್ ಬ್ಯಾಗಿನ ಮೇಲೆ ಹಾಕುವ, ಮಳೆ ತಡೆಯುವ ಹೊರಚೀಲ. ಬ್ರಿಟಿಷ್ ಮತ್ತು ಅಮೆರಿಕನ್ ಸೇನೆಗಳ ಗೋರ್‌ಟೆಕ್ಸ್ ಎಂಬ, ನೀರು ತಡೆದು ಬೆವರಿನ ಆವಿ ಹೊರಬಿಡುವ ಬಟ್ಟೆಯ ಚೀಲಗಳು ಹೊರಗೆ ಸುಲಭವಾಗಿ ಸಿಗುತ್ತವೆ, ಗಟ್ಟಿಮುಟ್ಟು, ಮಳೆಗೆ ಜಗ್ಗುವುದಿಲ್ಲ. ಆದರೂ ನಮ್ಮ ಹವೆಗೆ ಅವು ಸಲ್ಲ. ಆ ಬಟ್ಟೆ ಉಸಿರಾಡುವುದು ಒಳಗಿನ ತೇವಕ್ಕೂ ಹೊರಗಿನ ತೇವಕ್ಕೂ ಅಂತರ ಇದ್ದಾಗ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ ಒಣಗಿದ್ದರೆ ಆವಿ ಹೊರಗೆ ಹೋಗುತ್ತದೆ. ಮೇ ತಿಂಗಳ ಮಲೆನಾಡಿನಲ್ಲಿ ಒಳಗೂ ಹೊರಗೂ ಒಂದೇ ಪಸೆ. ಬೆವರು ಹೋಗುವುದಾದರೂ ಎಲ್ಲಿಗೆ? ಹೊಸ ಬಟ್ಟೆ, ಹಳೆಯ ಬಟ್ಟೆ ಎಂಬ ಭೇದವಿಲ್ಲ. ಒಂದು ಕೆ.ಜಿ.ಯಷ್ಟು ಭಾರವನ್ನು ಇದಕ್ಕಾಗಿ ಹೊರುವುದರಲ್ಲಿ ಅರ್ಥವಿಲ್ಲ.

ಒಟ್ಟು ಲೆಕ್ಕ ಹೀಗಿದೆ: ಲೈನರ್ 710, ಪಾಂಚೋ 640, ಪರದೆ 380, ಕತ್ತರಿಸಿದ ಮ್ಯಾಟ್ 230, ನೆಲದ ಹಾಳೆ 180, ಪಂಚೆ 220, ಹಗ್ಗ ಮತ್ತು ಅಲ್ಯೂಮಿನಿಯಂ ಗೂಟಗಳು 160. ಎಲ್ಲ ಸೇರಿ 2520 ಗ್ರಾಂ. ಇದರಲ್ಲಿ ಮಳೆ ಅಂಗಿಯೂ ಸೇರಿದೆ ಎಂಬುದನ್ನು ಮರೆಯಬಾರದು, ಮನೆಗೆ ಬಂದು ಉಡಲು ಪಂಚೆಯೂ. ದುಡ್ಡು ಸುರಿದರೆ ಇದನ್ನು ಒಂದೂವರೆ ಕೆ.ಜಿ.ಗೆ ಇಳಿಸಬಹುದು. ಮುಳ್ಳಿಗೆ ಸಿಕ್ಕಿದರೂ, ಕಲ್ಲಿನ ಮೇಲೆ ಎಳೆದರೂ, ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಸಿಟ್ಟಾಗದ ಸಾಮಾನು ಆಗ ಸಿಗುವುದಿಲ್ಲ. ಸೇನೆಯ ಸರಕಿನ ಗುಣ ಅದು: ಬಳಸುವವನು ನಾಜೂಕಾಗಿ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ಅದನ್ನು ಹೊಲಿದಿರುವುದಿಲ್ಲ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆಯ ಮಾತು. ಹೊದಿಕೆ, ಪರದೆ, ಮ್ಯಾಟು ಯಾವ ಬಣ್ಣದ್ದಾದರೂ ತೊಂದರೆಯಿಲ್ಲ. ಮೈಮೇಲೆ ಧರಿಸುವುದರಲ್ಲಿ ಮಾತ್ರ ಜಾಗ್ರತೆ ಬೇಕು. ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ಧರಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಹಿಂದಿನ ದಂಡಸಂಹಿತೆಯ 140ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 168ನೆಯದಾಗಿದೆ. ನಮ್ಮ ಸೇನೆ 2022ರ ಜನವರಿಯಲ್ಲಿ ತಂದ ಹೊಸ ಚುಕ್ಕಿವಿನ್ಯಾಸದ ಸಮವಸ್ತ್ರದ ಹಕ್ಕನ್ನೂ ನೋಂದಾಯಿಸಿಕೊಂಡಿದೆ, ಹೊರಗಿನವರು ಆ ಬಟ್ಟೆ ತಯಾರಿಸಿ ಮಾರುವಂತಿಲ್ಲ. ಪಾಂಚೋವನ್ನು ನಾನು ಬರಿಯ ಆಲಿವ್ ಹಸಿರಿನದನ್ನೇ ಆರಿಸಿಕೊಂಡೆ. ಊರಿನವರಿಗೆ, ಅರಣ್ಯ ಸಿಬ್ಬಂದಿಗೆ ದೂರದಿಂದ ಅನುಮಾನ ಹುಟ್ಟಿಸುವ ಉಡುಪಿನಲ್ಲಿ ಸಂಜೆಗತ್ತಲಲ್ಲಿ ಓಡಾಡುವುದು ಯಾರಿಗೂ ಒಳ್ಳೆಯದಲ್ಲ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ರಾತ್ರಿ ಉಳಿಯುವುದಂತೂ ಬೇಡವೇ ಬೇಡ.

ಹೊಸದಾಗಿ ತಂದ ಹಳೆಯ ಸರಕಿಗೆ ಗೋದಾಮಿನ ವಾಸನೆ, ನುಸಿಗುಳಿಗೆಯ ಘಾಟು ಇರುತ್ತದೆ. ಲೈನರನ್ನು ಅಂಟುವಾಳದ ನೊರೆಯಲ್ಲಿ ಒಂದು ಗಂಟೆ ನೆನೆಹಾಕಿ, ಉಜ್ಜದೆ ಕೈಯಿಂದ ಅದುಮಿ, ಎರಡು ಸಲ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿದರೆ ಘಾಟು ಹೋಗುತ್ತದೆ. ಇಸ್ತ್ರಿ, ಬಿಸಿನೀರು ಎರಡೂ ನಿಷಿದ್ಧ, ನೈಲಾನ್ ಸುಕ್ಕುಗಟ್ಟುತ್ತದೆ. ಪಾಂಚೋ ಮತ್ತು ಪರದೆಯನ್ನು ಕಡುಬಿಸಿಲಿಗೆ ಹಾಕಿ ಮರೆಯಬೇಡಿ, ಬಿಸಿಲು ನೈಲಾನಿನ ಶಕ್ತಿಯನ್ನು ತಿನ್ನುತ್ತದೆ. ಮಳೆಗಾಲ ಶುರುವಾಗುವ ಮುನ್ನ ಎಲ್ಲವನ್ನೂ ಒಮ್ಮೆ ಬಿಡಿಸಿ, ಪರದೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ಹುಡುಕಿ ಅದೇ ಬಣ್ಣದ ದಾರದಲ್ಲಿ ಹೆಣೆದುಬಿಡುತ್ತೇನೆ. ಪಾಂಚೋದ ಒತ್ತುಗುಂಡಿಗಳಿಗೆ ಮೇಣದ ಬತ್ತಿ ಉಜ್ಜುತ್ತೇನೆ, ತುಕ್ಕು ಹಿಡಿಯುವುದಿಲ್ಲ. ಲೈನರನ್ನು ಒತ್ತಿ ಕಟ್ಟಿಡುವುದಿಲ್ಲ. ಸಡಿಲವಾದ ಹತ್ತಿ ಚೀಲದಲ್ಲಿ ಹಾಕಿ, ಹೊಗೆಯಾಡುವ ಅಟ್ಟದ ಬದಲು ಒಳಕೋಣೆಯ ಗೂಟಕ್ಕೆ ತೂಗುಹಾಕುತ್ತೇನೆ. ಆ ನಾಲ್ಕು ತಿಂಗಳು ಅದು ಸುಮ್ಮನೆ ಇರುವುದಿಲ್ಲ. ಜಡಿಮಳೆಯಲ್ಲಿ ಮನೆಯ ರಗ್ಗುಗಳು ಒಣಗದೆ ಮುಗ್ಗಲು ಹಿಡಿದಾಗ, ಮಕ್ಕಳು ಮೊದಲು ಕೈ ಹಾಕುವುದು ಆ ಚೀಲಕ್ಕೇ.